ತಲೆಕೆಳಗಾಗಿ ನಿಂತ ಜಲಾಂತರ್ಗಾಮಿ

ತೆರಕಣಾಂಬಿಯ ಶಾಲೆಯ ಹುಡುಗನೊಬ್ಬನು ಸಮುದ್ರವನ್ನು ಕಾಣಬಯಸಿದರೆ ಗುಂಡ್ಲುಪೇಟೆಯನ್ನು ಹಾದು, ಬಂಡೀಪುರದ ಕಾಡನ್ನು ದಾಟಿ, ವೈನಾಡಿನ ಘಟ್ಟವನ್ನಿಳಿದು, ಕೋಳಿಕೋಡಿನವರೆಗೆ ಪಯಣ ಮಾಡಬೇಕಾಗುತ್ತದೆ. ಅವನ ಊರು ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿದೆ. ಆದರೂ ನೀರಿನಲ್ಲಿ ಮುಳುಗಿ ಸಾಗುವ ಹಡಗಿನ ಮರ್ಮವನ್ನು ತಿಳಿಯುವುದಕ್ಕೆ ಅವನು ಅಷ್ಟು ದೂರ ಹೋಗಬೇಕಾದುದಿಲ್ಲ. ಊರಿನ ಬಾವಿಯೇ ಸಾಕು. ನಮ್ಮ ಸೀಮೆಯಲ್ಲಿ ಈಜು ಕಲಿಯುವ ಹುಡುಗರು ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಾವಿಗೆ ಧುಮುಕುವುದುಂಟಷ್ಟೆ. ಒಳಗೆ ಗಾಳಿ ತುಂಬಿರುವವರೆಗೆ ಬುರುಡೆ ಮುಳುಗುವುದಿಲ್ಲ. ಅದರಲ್ಲಿ ತೂತು ಬಿದ್ದು ನೀರು ಹೊಕ್ಕರೆ ಮೆಲ್ಲನೆ ಕೆಳಗಿಳಿಯುತ್ತದೆ. ಹೊಕ್ಕ ನೀರನ್ನು ಯಾವುದಾದರೊಂದು ಉಪಾಯದಿಂದ ಹೊರಗೆ ಊದಿಬಿಟ್ಟರೆ? ಮತ್ತೆ ಮೇಲಕ್ಕೆ ಬರುತ್ತದೆ. ಜಲಾಂತರ್ಗಾಮಿಯೆಂಬುದು ಇಂಥದೊಂದು ಉಕ್ಕಿನ ಬುರುಡೆ. ಮುಳುಗುವ ಮತ್ತು ತೇಲುವ ಅಧಿಕಾರ ಅದರೊಳಗೆ ಕುಳಿತ ಮನುಷ್ಯನ ಕೈಯಲ್ಲಿರುತ್ತದೆ, ಅಷ್ಟೇ ವ್ಯತ್ಯಾಸ.

ಆ ಅಧಿಕಾರವು ಒಮ್ಮೆ ಕೈತಪ್ಪಿದಾಗ ನಡೆದುದೇನು, ಕೈತಪ್ಪಿದುದನ್ನು ನಾವಿಕರು ಗಣಿತದ ಬಲದಿಂದ ಹೇಗೆ ಮರಳಿ ಪಡೆದರು ಎಂಬುದನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇವೆ. ಘಟನೆ ನಡೆದದ್ದು ೧೯೨೦ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಪೂರ್ವ ತೀರದಾಚೆ. ನಾವೆಯ ಹೆಸರು ಎಸ್-೫. ಆದರೆ ಅದರ ಕಥೆ ಅರ್ಥವಾಗಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ, ಒಬ್ಬ ಶಾಲಾ ಉಪಾಧ್ಯಾಯನನ್ನು ಮೊದಲು ಕಂಡುಬರಬೇಕು.

ಆತನ ಹೆಸರು ಜಾನ್ ಫಿಲಿಪ್ ಹಾಲೆಂಡ್. ಹೆಸರು ಹಾಲೆಂಡಾದರೂ ನಾಡು ಐರ್ಲೆಂಡ್. ೧೮೪೧ರಲ್ಲಿ ಅಲ್ಲಿನ ಪಶ್ಚಿಮ ತೀರದ ಲಿಸ್ಕಾನರ್ ಎಂಬ ಊರಿನಲ್ಲಿ ಹುಟ್ಟಿ, ಕೆಲವು ಕಾಲ ಪಾಠ ಹೇಳಿ, ೧೮೭೩ರಲ್ಲಿ ಅಮೆರಿಕಕ್ಕೆ ವಲಸೆ ಹೋದನು. ನ್ಯೂಜೆರ್ಸಿಯ ಪ್ಯಾಟರ್ಸನ್ ನಗರದಲ್ಲಿಯೂ ಉಪಾಧ್ಯಾಯನೇ. ಬಿಡುವಿನ ವೇಳೆಯಲ್ಲಿ ನೀರೊಳಗೆ ಚಲಿಸುವ ನಾವೆಯ ಚಿತ್ರಗಳನ್ನು ಬರೆಯುತ್ತಿದ್ದನು. ಅವನ ಮೊದಲ ಪ್ರಯೋಗಗಳಿಗೆ ಹಣ ಕೊಟ್ಟವರು ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಹೆಣಗುತ್ತಿದ್ದ ಫೀನಿಯನ್ ಕ್ರಾಂತಿಕಾರರು. ಇಂಗ್ಲೆಂಡಿನ ಮಹಾ ನೌಕಾಬಲವನ್ನು ಅಗ್ಗದ ಉಪಾಯದಿಂದ ಮುರಿಯಬೇಕೆಂಬುದು ಅವರ ಹಂಬಲ. ಅದಕ್ಕಾಗಿ ೧೮೮೧ರಲ್ಲಿ ನಿರ್ಮಿಸಿದ ನಾವೆಯನ್ನು ಹಣದ ಜಗಳದಲ್ಲಿ ಆ ಕ್ರಾಂತಿಕಾರರೇ ಕದ್ದೊಯ್ದರು! ವಿಧಿಯ ವಿನೋದವನ್ನು ನೋಡಿರಿ: ಇಪ್ಪತ್ತು ವರ್ಷಗಳ ಮೇಲೆ, ೧೯೦೧ರಲ್ಲಿ, ಇಂಗ್ಲೆಂಡಿನ ನೌಕಾಪಡೆ ಪಡೆದ ಮೊತ್ತಮೊದಲಿನ ಜಲಾಂತರ್ಗಾಮಿಯೂ ಇದೇ ಹಾಲೆಂಡನ ನಕ್ಷೆಯಿಂದಲೇ ಹುಟ್ಟಿತು.

ಹಾಲೆಂಡನು ಕಟ್ಟಿದ ಆರನೆಯ ನಾವೆಯನ್ನು ೧೮೯೭ರ ಮೇ ೧೭ರಂದು ನೀರಿಗಿಳಿಸಿದರು. ಅಮೆರಿಕದ ನೌಕಾಪಡೆ ಅದನ್ನು ೧೯೦೦ರ ಏಪ್ರಿಲಿನಲ್ಲಿ ಒಂದೂವರೆ ಲಕ್ಷ ಡಾಲರಿಗೆ ಕೊಂಡು, ಅದೇ ಅಕ್ಟೋಬರಿನಲ್ಲಿ ಸೇವೆಗೆ ಸೇರಿಸಿತು. ಉದ್ದ ಐವತ್ನಾಲ್ಕು ಅಡಿಗೆ ಎರಡಂಗುಲ ಕಡಿಮೆ. ನಮ್ಮ ರಸ್ತೆಗಳಲ್ಲಿ ಓಡುವ ಎರಡು ದೊಡ್ಡ ಲಾರಿಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಸಿಬ್ಬಂದಿ ಆರು ಜನ. ಮುಂಭಾಗದಲ್ಲಿ ಟಾರ್ಪಿಡೊ ಹಾರಿಸುವ ಒಂದು ಕೊಳವೆ. ಪೆರಿಸ್ಕೋಪು ಇರಲಿಲ್ಲ, ಹೊರಗೆ ಏನಿದೆಯೆಂದು ತಿಳಿಯಬೇಕಾದರೆ ನಾವೆ ಆಗಾಗ ತಲೆಯೆತ್ತಿ, ಗೋಪುರದ ಗಾಜಿನಲ್ಲಿ ಇಣುಕಿ, ಮತ್ತೆ ಮುಳುಗಬೇಕಾಗಿತ್ತು.

ಇಷ್ಟು ಚಿಕ್ಕದಾದರೂ ಮುಂದಿನ ಅರ್ಧ ಶತಮಾನದ ಜಲಾಂತರ್ಗಾಮಿಗಳ ಬೀಜವೆಲ್ಲ ಇದರಲ್ಲಿತ್ತು. ನೀರಿನ ಮೇಲೆ ತೇಲುವಾಗ ಅದರ ತೂಕ ೬೪ ಟನ್, ಮುಳುಗಿದಾಗ ೭೪ ಟನ್. ನಡುವಣ ಹತ್ತು ಟನ್ ಯಾವುದು? ತೊಟ್ಟಿಗಳಿಗೆ ಬಿಟ್ಟುಕೊಂಡ ಸಮುದ್ರದ ನೀರು. ಆರ್ಕಿಮಿಡೀಸನ ನಿಯಮದಂತೆ, ವಸ್ತುವು ತಾನು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು ಬಲದಿಂದ ಮೇಲಕ್ಕೆ ತಳ್ಳಲ್ಪಡುತ್ತದೆ. ತೊಟ್ಟಿ ತುಂಬಿದಂತೆ ನಾವೆಯ ತೂಕ ಈ ಬಲಕ್ಕೆ ಸಮೀಪಿಸುತ್ತದೆ. ಎರಡೂ ಸರಿಸಮವಾಗುವುದಕ್ಕೆ ಸ್ವಲ್ಪ ಮುಂಚೆ ಹಾಲೆಂಡನು ನಿಲ್ಲಿಸಿಬಿಡುತ್ತಿದ್ದನು. ನಾವೆಗೆ ತೇಲುವ ಒಲವು ಎಳ್ಳಷ್ಟಾದರೂ ಉಳಿದಿರಬೇಕು. ಅದನ್ನು ನೀರೊಳಗೆ ಇಳಿಸುವ ಕೆಲಸ ಬಾಲದ ಕಡೆಯಿರುವ ರೆಕ್ಕೆಗಳದ್ದು. ಓಡುವಾಗ ರೆಕ್ಕೆ ವಾಲಿಸಿದರೆ ಮೂತಿ ತಗ್ಗಿ ನಾವೆ ಮೀನಿನಂತೆ ಧುಮುಕುತ್ತದೆ. ಯಂತ್ರ ನಿಂತುಹೋದರೆ ತಾನಾಗಿಯೇ ಮೇಲಕ್ಕೆ ಬರುತ್ತದೆ. ಅದಕ್ಕಿಂತ ಮುಂಚಿನವರು ನಾವೆಯನ್ನು ಕಲ್ಲಿನಂತೆ ನೇರವಾಗಿ ಮುಳುಗಿಸಹೋಗಿ ಮುಗ್ಗರಿಸಿದ್ದರು.

ಎರಡನೆಯ ಬೀಜ ಎರಡು ಯಂತ್ರಗಳ ಏರ್ಪಾಡು. ಎಂಜಿನ್ನಿಗೆ ಗಾಳಿ ಬೇಕು, ನೀರೊಳಗೆ ಗಾಳಿಯೆಲ್ಲಿಯದು? ಆದಕಾರಣ ನೀರಿನ ಮೇಲೆ ೪೫ ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ನು ಓಡುತ್ತ ಬ್ಯಾಟರಿಗಳನ್ನೂ ತುಂಬುವುದು. ಮುಳುಗಿದ ಮೇಲೆ ಬ್ಯಾಟರಿಯಿಂದ ವಿದ್ಯುತ್ತಿನ ಮೋಟಾರು ತಿರುಗುವುದು. ಈ ಜೋಡಿ ಅಷ್ಟು ಸರಿಯಾಗಿ ಕುಳಿತುಕೊಂಡಿತೆಂದರೆ, ಪೆಟ್ರೋಲಿನ ಜಾಗದಲ್ಲಿ ಡೀಸೆಲ್ ಬಂದುದನ್ನು ಬಿಟ್ಟರೆ, ಮೂಲತತ್ತ್ವ ಬದಲಾಗಲಿಲ್ಲ. ಪೆಟ್ರೋಲು ಬಿಟ್ಟುಹೋದದ್ದಕ್ಕೆ ಕಾರಣ ಸ್ಪಷ್ಟ: ಮುಚ್ಚಿದ ಉಕ್ಕಿನ ಡಬ್ಬಿಯೊಳಗೆ ಅದರ ಆವಿ ತುಂಬಿಕೊಂಡರೆ ಒಂದು ಕಿಡಿ ಸಾಕು. ೧೯೧೨ರ ಹೊತ್ತಿಗೆ ಅಮೆರಿಕದ ಹೊಸ ಜಲಾಂತರ್ಗಾಮಿಗಳಲ್ಲಿ ಡೀಸೆಲ್ ಎಂಜಿನ್ನುಗಳು ಬಂದಿದ್ದವು.

ಹಾಲೆಂಡನಿಗೆ ಇದರಿಂದ ಸಿರಿಯೇನೂ ಬರಲಿಲ್ಲ. ಹಕ್ಕುಗಳೆಲ್ಲ ಕಂಪೆನಿಯ ಪಾಲಾದವು. ಆತನು ೧೯೧೪ರ ಆಗಸ್ಟಿನಲ್ಲಿ, ಮೊದಲನೆಯ ಮಹಾಯುದ್ಧ ಆಗತಾನೆ ತೊಡಗಿದ್ದಾಗ, ತೀರಿಕೊಂಡನು. ಅವನ ಹೆಸರಿನ ನಾವೆಯನ್ನು ಅದಕ್ಕೆ ಒಂದು ವರ್ಷ ಮುಂಚೆಯೇ ಗುಜರಿಗೆ ಮಾರಿಯಾಗಿತ್ತು.

ಆ ಯುದ್ಧದ ಕಾಲದಲ್ಲಿ ಅಮೆರಿಕದವರು ಎಸ್ ವರ್ಗವೆಂಬ ಹೊಸ ಜಲಾಂತರ್ಗಾಮಿಗಳನ್ನು ಕಟ್ಟತೊಡಗಿದರು. ಎಸ್-೫ ಅವುಗಳಲ್ಲೊಂದು. ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ೧೯೧೭ರ ಡಿಸೆಂಬರಿನಲ್ಲಿ ಅದರ ಅಡಿಗಟ್ಟು ಹಾಕಿದರು. ಸೇವೆಗೆ ಸೇರಿದ್ದು ೧೯೨೦ರ ಮಾರ್ಚ್ ೬ರಂದು. ಉದ್ದ ೨೩೧ ಅಡಿ. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಸುಮಾರು ನಲವತ್ತು ಜನರ ಪ್ರಾಣ ಮುಂದೆ ಈ ಸಂಖ್ಯೆಯ ಮೇಲೆ ನಿಂತಿತು. ಮೇಲೆ ತೇಲುವಾಗ ೮೭೫ ಟನ್, ಮುಳುಗಿದಾಗ ಸಾವಿರಕ್ಕೂ ಮಿಕ್ಕಿದ ತೂಕ. ಇನ್ನೂರು ಅಡಿ ಆಳದವರೆಗೆ ಹೋಗಬಲ್ಲುದೆಂದು ಅದನ್ನು ರಚಿಸಿದ್ದರು. ಒಳಗೆ ಮೂತಿಯಿಂದ ಬಾಲದವರೆಗೆ ಒಂದರ ಹಿಂದೊಂದು ಕೋಣೆಗಳು: ಟಾರ್ಪಿಡೊ ಕೋಣೆ, ಬ್ಯಾಟರಿಗಳ ಮೇಲಿನ ವಾಸದ ಕೋಣೆ, ನಿಯಂತ್ರಣದ ಕೋಣೆ, ಎಂಜಿನ್ ಕೋಣೆ, ಮೋಟಾರು ಕೋಣೆ. ಪ್ರತಿಯೊಂದರ ನಡುವೆ ನೀರು ನುಸುಳದ ಬಾಗಿಲು.

ಇನ್ನು ಈ ನಾವೆಯ ಉಸಿರಾಟದ ವಿಚಾರ. ಡೀಸೆಲ್ ಎಂಜಿನ್ನುಗಳು ರಭಸದಿಂದ ಗಾಳಿ ಹೀರುತ್ತವೆ. ಆ ಗಾಳಿಯನ್ನು ತರುವುದಕ್ಕೆ ಮೇಲ್ಗಡೆ ಒಂದು ದೊಡ್ಡ ದ್ವಾರ. ಅದಕ್ಕೊಂದು ಮುಖ್ಯ ಕವಾಟ. ಅಲ್ಲಿಂದ ಹೊರಟ ದಪ್ಪನೆಯ ಕೊಳವೆ ನಾವೆಯ ಉದ್ದಕ್ಕೂ ಹಾದು ಕವಲೊಡೆದು ಕೋಣೆಕೋಣೆಗೂ ಗಾಳಿ ಒದಗಿಸುತ್ತಿತ್ತು. ಪ್ರತಿ ಕೋಣೆಯ ಕವಲಿಗೂ ಅದರದೇ ಚಿಕ್ಕ ಕವಾಟ. ಮುಳುಗುವಾಗ ಮುಖ್ಯ ಕವಾಟವನ್ನು ಕೈಯಿಂದ ಎಳೆಯುವ ಒಂದು ಸನ್ನೆಕೋಲಿನಿಂದ ಮುಚ್ಚಬೇಕು. ಅದನ್ನು ಮುಂಚಿತವಾಗಿ ಮುಚ್ಚಿಡುವಂತಿಲ್ಲ; ಎಂಜಿನ್ನು ಇನ್ನೂ ಓಡುತ್ತಿರುತ್ತದೆ, ಒಳಗಿನವರಿಗೂ ಕೊನೆಯ ಗಳಿಗೆಯವರೆಗೆ ಹೊಸ ಗಾಳಿ ದೊರೆಯಲಿ ಎಂಬುದು ರೂಢಿ. ಆದಕಾರಣ ತೊಟ್ಟಿಗಳಿಗೆ ನೀರು ಬಿಡತೊಡಗಿದ ಮೇಲೆ, ಮೇಲ್ದ್ವಾರವು ನೀರಿನಲ್ಲಿ ಮುಳುಗುವುದಕ್ಕೆ ಮುಂಚೆ, ಆ ಕೆಲವೇ ಕ್ಷಣಗಳಲ್ಲಿ ಸನ್ನೆಕೋಲನ್ನು ಎಳೆಯಬೇಕಾಗಿತ್ತು. ರಚನೆಯ ದೋಷ ಇಲ್ಲಿದೆಯೆಂದು ನಮಗೆ ತೋರುತ್ತದೆ. ಇಡೀ ನಾವೆಯ ಕತ್ತು ಒಂದೇ ಕೊಳವೆಗೆ ಸಿಕ್ಕಿಕೊಂಡಿತ್ತು, ಆ ಕೊಳವೆ ಒಬ್ಬ ಮನುಷ್ಯನ ತೋಳಿಗೆ ಸಿಕ್ಕಿಕೊಂಡಿತ್ತು. ಮುಚ್ಚಿದೆಯೋ ತೆರೆದಿದೆಯೋ ಎಂದು ಹೇಳುವ ದೀಪವಾಗಲಿ ಗಂಟೆಯಾಗಲಿ ಇರಲಿಲ್ಲ. ಆ ನಾವಿಕನ ಗಮನ ಎರಡು ಕ್ಷಣ ಬೇರೆ ಕಡೆ ಹರಿದರೆ ಗತಿಯೇನು?

ಹಾಗೆಯೇ ಆಯಿತು. ೧೯೨೦ರ ಆಗಸ್ಟ್ ೩೦ರಂದು ಎಸ್-೫ ಬಾಸ್ಟನ್ ಬಂದರಿನಿಂದ ಹೊರಟಿತು. ವೇಗದ ಪರೀಕ್ಷೆಗಳನ್ನು ಮುಗಿಸಿಕೊಂಡು ಬಾಲ್ಟಿಮೋರಿಗೆ ಹೋಗಬೇಕಾಗಿತ್ತು. ನಾಯಕ ಚಾರ್ಲ್ಸ್ ಕುಕ್. ಸೆಪ್ಟೆಂಬರ್ ೧ರ ಮಧ್ಯಾಹ್ನ, ಡೆಲವೇರ್ ತೀರದಿಂದ ಸುಮಾರು ಐವತ್ತೈದು ನಾವಿಕ ಮೈಲಿ ದೂರದಲ್ಲಿ, ಪರೀಕ್ಷೆಗಾಗಿ ಮುಳುಗುವ ಆಜ್ಞೆಯಾಯಿತು. ಸನ್ನೆಕೋಲಿನ ಹೊಣೆ ಹೊತ್ತ ನಾವಿಕನು ಆ ಗಳಿಗೆಯಲ್ಲಿ ಮತ್ತೊಂದು ಕೆಲಸಕ್ಕೆ ತಿರುಗಿದ್ದನು. ನೆನಪಾದೊಡನೆ ಹಾರಿಬಂದು ಬಲವಾಗಿ ಎಳೆದನು. ಎಳೆದ ರಭಸಕ್ಕೆ ಕವಾಟ ಸಿಕ್ಕಿಕೊಂಡು ಅರೆತೆರೆದು ನಿಂತಿತು. ಗಾಳಿ ಬರುವ ಕೊಳವೆಯಲ್ಲಿ ಅಟ್ಲಾಂಟಿಕ್ ಸಾಗರವೇ ಒಳನುಗ್ಗಿತು.

ಕೋಣೆಕೋಣೆಯ ಚಿಕ್ಕ ಕವಾಟಗಳನ್ನು ಓಡೋಡಿ ಮುಚ್ಚಿದರು. ಟಾರ್ಪಿಡೊ ಕೋಣೆಯದು ಮಾತ್ರ ಮುಚ್ಚಲೊಲ್ಲದು. ಅಲ್ಲಿದ್ದವರು ಹೊರಬಿದ್ದು, ಬಾಗಿಲನ್ನು ಬಿಗಿದರು. ಮೂತಿಯ ಕೋಣೆ ನೀರಿನಿಂದ ತುಂಬಿ, ನಾವೆ ಮುಂಭಾರವಾಗಿ ಜಾರುತ್ತ ಸಮುದ್ರದ ತಳದ ಮೇಲೆ ಕುಳಿತಿತು. ಅಲ್ಲಿನ ಆಳ ಇನ್ನೂರು ಅಡಿಗೆ ಸ್ವಲ್ಪ ಕಡಿಮೆ.

ಆ ಆಳದ ಒತ್ತಡವನ್ನು ಸ್ವಲ್ಪ ಲೆಕ್ಕ ಹಾಕೋಣ. ಒಂದು ಘನ ಅಡಿ ಸಮುದ್ರದ ನೀರು ೬೪ ಪೌಂಡ್ ತೂಗುತ್ತದೆ. ೧೮೦ ಅಡಿ ಆಳದಲ್ಲಿ ಒಂದು ಚದರ ಅಡಿಯ ಮೇಲೆ ನಿಂತ ನೀರಿನ ಕಂಬದ ತೂಕ ೬೪ನ್ನು ೧೮೦ರಿಂದ ಗುಣಿಸಿದಷ್ಟು, ಎಂದರೆ ೧೧,೫೨೦ ಪೌಂಡ್. ಐದು ಟನ್ನಿಗೂ ಹೆಚ್ಚು. ಮನುಷ್ಯನೊಬ್ಬನು ನುಸುಳಬಲ್ಲ ಬಾಗಿಲು ನಾಲ್ಕು ಚದರ ಅಡಿಯಾದರೆ ಅದರ ಮೇಲೆ ಇಪ್ಪತ್ತು ಟನ್ ಹೊರೆ. ಒಳಗಿನಿಂದ ತಳ್ಳಿ ತೆರೆಯುವ ಮಾತೇ ಇಲ್ಲ. ನೀರನ್ನು ಪಂಪಿನಿಂದ ಹೊರಹಾಕಬೇಕಾದರೂ ಈ ಒತ್ತಡದ ವಿರುದ್ಧವೇ ದೂಡಬೇಕು. ಹಾಗೆ ದೂಡಹೋದಾಗ ಪಂಪಿನ ಸಂದಿಗೆ ಬಿಗಿದಿದ್ದ ವಾಷರು ಸಿಡಿದು, ಪಂಪು ಕೆಲಸಕ್ಕೆ ಬಾರದಂತಾಯಿತು. ಹತ್ತಿರದಲ್ಲಿ ಬೇರೆ ಹಡಗುಗಳಿಲ್ಲ. ನೀರೊಳಗಿನಿಂದ ತಂತಿಯಿಲ್ಲದ ಸುದ್ದಿ ಕಳುಹಿಸುವಂತಿಲ್ಲ. ನಾವೆ ಮುಳುಗಿದೆಯೆಂಬ ಸಂಶಯವೂ ದಡದವರಿಗೆ ಇರಲಿಲ್ಲ.

ಆಗ ಕುಕ್ ಮತ್ತು ಅವನ ಸಂಗಡಿಗರು ಮಾಡಿದ ಆಲೋಚನೆ ನಮ್ಮ ಪ್ರೌಢಶಾಲೆಯ ಯಾವ ವಿದ್ಯಾರ್ಥಿಯೂ ಮಾಡಬಹುದಾದಷ್ಟು ಸರಳವಾದದ್ದು. ಸಮುದ್ರದ ಆಳ ಇನ್ನೂರಡಿಗೆ ಕಡಿಮೆ. ನಾವೆಯ ಉದ್ದ ೨೩೧ ಅಡಿ. ಮೂತಿಯನ್ನು ತಳದಲ್ಲಿಯೇ ಬಿಟ್ಟು ಬಾಲವನ್ನೆತ್ತಿ ನಿಲ್ಲಿಸಿದರೆ ಬಾಲದ ತುದಿ ನೀರಿನ ಮೇಲೆ ಬರಲೇಬೇಕು! ತ್ರಿಕೋಣಮಿತಿ ಓದಿದವರು ಕಾಗದದ ಮೇಲೆ ಬರೆದು ನೋಡಲಿ. ನಾವೆಯು ತಳದೊಡನೆ ಮಾಡುವ ಕೋನದ ಸೈನನ್ನು ಉದ್ದದಿಂದ ಗುಣಿಸಿದರೆ ಬಾಲದ ಎತ್ತರ ಸಿಕ್ಕುತ್ತದೆ. ಮೂವತ್ತು ಡಿಗ್ರಿಗೆ ೧೧೫ ಅಡಿ, ಸಾಲದು. ನಲವತ್ತೈದಕ್ಕೆ ೧೬೩, ಅದೂ ಸಾಲದು. ಅರವತ್ತು ಡಿಗ್ರಿಗೆ ಸೈನಿನ ಬೆಲೆ ೦.೮೬೬, ಎತ್ತರ ಸರಿಯಾಗಿ ಇನ್ನೂರು ಅಡಿ. ಬಾಲ ಬೆಳಕನ್ನು ಕಾಣಬೇಕಾದರೆ ನಾವೆ ಗೋಡೆಗೆ ಒರಗಿಸಿದ ಏಣಿಯಂತೆ ಕಡಿದಾಗಿ ನಿಲ್ಲಬೇಕಾಗಿತ್ತು.

ಅದನ್ನು ಎತ್ತುವ ಬಲ ಎಲ್ಲಿಯದು? ಹಿಂಭಾಗದ ತೊಟ್ಟಿಗಳೊಳಗೆ ಒತ್ತಿಟ್ಟ ಗಾಳಿಯನ್ನು ಬಿಟ್ಟು ನೀರನ್ನೂ ಎಣ್ಣೆಯನ್ನೂ ಹೊರಗೆ ಊದಿದರು. ಬಾಲ ಹಗುರವಾಗಿ ಏಳತೊಡಗಿತು. ತಳಕ್ಕೆ ತಾಗಿದ ಮೂತಿಯೇ ಸನ್ನೆಯ ಆನುಗಲ್ಲಾಯಿತು. ಏಳುವುದು ಮೊದಲು ಮೆಲ್ಲನೆ, ಆಮೇಲೆ ಒಮ್ಮೆಗೇ. ಏಕೆಂದರೆ ಒಳಗೆ ಅಲ್ಲಲ್ಲಿ ನಿಂತಿದ್ದ ನೀರೆಲ್ಲ ಇಳಿಜಾರು ಸಿಕ್ಕಿದೊಡನೆ ಮೂತಿಯ ಕಡೆಗೆ ಧುಮ್ಮಿಕ್ಕಿತು. ಅರ್ಧ ತುಂಬಿದ ಕೊಡವನ್ನು ಸೊಂಟದಲ್ಲಿಟ್ಟು ನಡೆಯುವವರು ಇದನ್ನು ಬಲ್ಲರು: ತುಂಬಿದ ಕೊಡ ಸುಮ್ಮನಿರುತ್ತದೆ, ಅರೆತುಂಬಿದ್ದು ವಾಲಿದ ಕಡೆಗೇ ಎಳೆಯುತ್ತದೆ. ನೀರಿನ ಟ್ಯಾಂಕರುಗಳು ತಿರುವಿನಲ್ಲಿ ಮಗುಚುವುದಕ್ಕೂ ಇದೇ ಕಾರಣ. ಎಸ್-೫ರಲ್ಲಿ ಅದೇ ಅಪಾಯವು ಉಪಕಾರವನ್ನೂ ಮಾಡಿತು. ಮುಂದಕ್ಕೆ ಓಡಿದ ನೀರು ಮೂತಿಯನ್ನು ಇನ್ನೂ ಭಾರಗೊಳಿಸಿ ಬಾಲವನ್ನು ಮೇಲೆತ್ತಿತು. ಆದರೆ ಒಳಗಿದ್ದವರ ಪಾಡು! ಉದ್ದನೆಯ ಓಣಿಯಂತಿದ್ದ ನಾವೆ ಕ್ಷಣಾರ್ಧದಲ್ಲಿ ಆಳವಾದ ಬಾವಿಯಾಯಿತು. ಗೋಡೆಗಳು ನೆಲವಾದವು, ಬಾಗಿಲುಗಳು ಬಾವಿಯ ಬಾಯಿಗಳಾದವು. ಕೆಳಗಿನ ಬ್ಯಾಟರಿ ಕೋಣೆಯಲ್ಲಿದ್ದವರು ನೀರಿನಲ್ಲಿ ಮುಳುಗುವುದರೊಳಗಾಗಿ ಅವರನ್ನು ಮೇಲಿನಿಂದ ಎಳೆದುಕೊಂಡರು.

ಅಷ್ಟರಲ್ಲಿ ಮತ್ತೊಂದು ಕಂಟಕ. ಉಪ್ಪುನೀರು ಬ್ಯಾಟರಿಗಳನ್ನು ಮುಚ್ಚಿತು. ಉಪ್ಪುನೀರಿನಲ್ಲಿ ವಿದ್ಯುತ್ತು ಹರಿದರೆ ಏನಾಗುವುದೆಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಂಡವರಿಗೆ ಹೇಳಬೇಕಾದುದಿಲ್ಲ: ಧನಧ್ರುವದಲ್ಲಿ ಹಳದಿ ಬೆರೆತ ಹಸಿರು ಬಣ್ಣದ ಕ್ಲೋರೀನ್ ಅನಿಲ ಏಳುತ್ತದೆ. ಗಂಟಲನ್ನೂ ಶ್ವಾಸಕೋಶವನ್ನೂ ಸುಡುವ ಈ ವಿಷವನ್ನು ಐದು ವರ್ಷ ಮುಂಚೆ ಬೆಲ್ಜಿಯಮ್ಮಿನ ಯುದ್ಧಭೂಮಿಯಲ್ಲಿ ಬೇಕೆಂದೇ ಹರಿಯಬಿಟ್ಟಿದ್ದರು. ನಾವಿಕರು ಬ್ಯಾಟರಿ ಕೋಣೆಯ ಬಾಗಿಲನ್ನು ಬಿಗಿದು ಬಾಲದ ಕಡೆಗೆ ಹತ್ತಿದರು. ಕ್ಲೋರೀನ್ ಗಾಳಿಗಿಂತ ಭಾರ. ತಗ್ಗಿನಲ್ಲಿ ಉಳಿಯುವ ಸ್ವಭಾವ ಅದರದು. ಮೇಲೆ ಹತ್ತಿದವರಿಗೆ ಇದೊಂದು ಅನುಕೂಲ.

ಬಾಲದ ತುದಿಯಲ್ಲಿ, ಕತ್ತಲಲ್ಲಿ, ಅವರು ಸುತ್ತಿಗೆಯಿಂದ ಗೋಡೆಯನ್ನು ತಟ್ಟಿ ನೋಡಿದರು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ದನಿ ಕೇಳುವಂತೆಯೇ. ಹೊರಗೆ ನೀರಿದ್ದರೆ ಉಕ್ಕಿನ ದನಿ ಮಂದ, ಗಾಳಿಯಿದ್ದರೆ ಟಣ್ಣೆನ್ನುತ್ತದೆ. ದನಿ ಬದಲಾದ ಗೆರೆಯನ್ನು ಹಿಡಿದು ಅಳೆದರೆ, ಸುಮಾರು ಹದಿನೇಳು ಅಡಿಯಷ್ಟು ಬಾಲ ನೀರಿನ ಮೇಲಿತ್ತು. ಲೆಕ್ಕ ಸುಳ್ಳಾಗಿರಲಿಲ್ಲ. ಆದರೆ ಲೆಕ್ಕಕ್ಕೂ ಆಕಾಶಕ್ಕೂ ನಡುವೆ ಮುಕ್ಕಾಲು ಅಂಗುಲ ದಪ್ಪದ ಉಕ್ಕಿನ ತಗಡು ಉಳಿದಿತ್ತು.

ಅದನ್ನು ಕೊರೆಯುವುದಕ್ಕೆ ಇದ್ದದ್ದು ಸಾಮಾನ್ಯ ಬೈರಿಗೆ, ಉಳಿ, ಸುತ್ತಿಗೆ. ವಿದ್ಯುತ್ತಿನ ಬೈರಿಗೆ ಒದ್ದೆಯಲ್ಲಿ ಕೈಕೊಟ್ಟಿತು. ಸರದಿಯ ಮೇಲೆ, ಜಾರುವ ಗೋಡೆಗೆ ಆನಿಕೊಂಡು, ಒಂದರ ಪಕ್ಕದಲ್ಲೊಂದು ಚಿಕ್ಕ ತೂತುಗಳನ್ನು ಕೊರೆದು, ನಡುವಣ ಉಕ್ಕನ್ನು ಉಳಿಯಿಂದ ಒಡೆಯುತ್ತ ಹೋದರು. ರಾತ್ರಿ ಕಳೆಯಿತು, ಮರುದಿನವೂ ಬಹುಮಟ್ಟಿಗೆ ಕಳೆಯಿತು. ಅಷ್ಟಕ್ಕೆ ಆದದ್ದು ಒಂದು ಕೈ ತೂರುವಷ್ಟು ಕಿಂಡಿ.

ಈ ಹೊತ್ತಿನಲ್ಲಿ ಒಳಗಿನ ಗಾಳಿಯ ಸ್ಥಿತಿಯನ್ನು ಊಹಿಸಬಹುದು. ಆಮ್ಲಜನಕ ಮುಗಿಯುವುದರಿಂದ ಮನುಷ್ಯ ಸಾಯುತ್ತಾನೆಂದು ಸಾಮಾನ್ಯರ ತಿಳಿವಳಿಕೆ. ಮುಚ್ಚಿದ ಜಾಗದಲ್ಲಿ ಅದಕ್ಕೆ ಮುಂಚೆಯೇ ಕಾಡುವುದು ನಾವು ಉಸಿರಿನಲ್ಲಿ ಬಿಟ್ಟ ಇಂಗಾಲದ ಡೈಆಕ್ಸೈಡು. ಸುಮ್ಮನೆ ಕುಳಿತವನೂ ಗಂಟೆಗೆ ಹದಿನೈದು ಲೀಟರಿನಷ್ಟನ್ನು ಹೊರಬಿಡುತ್ತಾನೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಐದು ಮೀಟರ್ ಎತ್ತರದ ಕೋಣೆಯಲ್ಲಿ ನಲವತ್ತು ಜನರನ್ನು ಮೂವತ್ತಾರು ಗಂಟೆ ಕೂಡಿಹಾಕಿದರೆ ಅಲ್ಲಿನ ಗಾಳಿಯಲ್ಲಿ ನೂರಕ್ಕೆ ಎಂಟು ಪಾಲಿಗೂ ಮಿಕ್ಕಿ ಈ ಅನಿಲ ಸೇರುತ್ತದೆ. ನೂರಕ್ಕೆ ಮೂರಾದಾಗಲೇ ಏದುಸಿರು ಹತ್ತುತ್ತದೆ. ಎಂಟಾದರೆ ತಲೆ ಸಿಡಿದು, ಬುದ್ಧಿ ಮಸುಳಿ, ಎಚ್ಚರ ತಪ್ಪುತ್ತದೆ. ಸುಮ್ಮನೆ ಕುಳಿತವರ ಲೆಕ್ಕ ಇದು. ಇವರು ಉಕ್ಕನ್ನು ಕೊರೆಯುತ್ತಿದ್ದರು.

ಕಿಂಡಿಯಿಂದ ಉದ್ದನೆಯ ತಾಮ್ರದ ಕೊಳವೆಯೊಂದನ್ನು ಹೊರಚಾಚಿ, ಅದರ ತುದಿಗೆ ಒಳಅಂಗಿಯೊಂದನ್ನು ಕಟ್ಟಿ ಆಡಿಸಿದರು. ಸೆಪ್ಟೆಂಬರ್ ೨ರಂದು ಆ ದಾರಿಯಲ್ಲಿ ಅಲಾಂಥಸ್ ಎಂಬ ಮರದ ಹಡಗು ಬಂದಿತು. ಅದು ಆ ಹಡಗಿನ ಕೊನೆಯ ಪಯಣ. ನಕ್ಷೆಯಲ್ಲಿ ತೇಲುಬುರುಡೆ ಇಲ್ಲದ ಕಡೆ ತೇಲುಬುರುಡೆಯಂಥದೇನೋ ಕಾಣುತ್ತಿದೆಯಲ್ಲ ಎಂದು ಅದರ ನಾಯಕ ಜಾನ್ಸನ್ ಹತ್ತಿರ ಬಂದನು. ಯಾವ ನಾವೆ, ಯಾವ ದೇಶದ್ದು ಎಂದು ಕೇಳಿದ ಮೇಲೆ, ಎಲ್ಲಿಗೆ ಹೊರಟಿದ್ದೀರಿ ಎಂಬ ವಾಡಿಕೆಯ ಪ್ರಶ್ನೆಯನ್ನೂ ಕೇಳಿದನಂತೆ. ದಿಕ್ಸೂಚಿ ಹಿಡಿದು ನೇರವಾಗಿ ನರಕಕ್ಕೆ ಎಂದು ಒಳಗಿನಿಂದ ಕುಕ್ ಉತ್ತರ ಕೊಟ್ಟನಂತೆ. ನಾವಿಕರ ನಡುವೆ ಈ ಮಾತು ಇಂದಿಗೂ ಸಲ್ಲುತ್ತಿದೆ.

ಅಲಾಂಥಸಿನಲ್ಲಿ ಉಕ್ಕು ಕೊರೆಯುವ ಸಲಕರಣೆಯಿರಲಿಲ್ಲ, ತಂತಿಯಿಲ್ಲದ ಸುದ್ದಿ ಕಳುಹಿಸುವವನೂ ಇರಲಿಲ್ಲ. ಆದರೂ ಜಾನ್ಸನ್ ಬುದ್ಧಿವಂತ. ಬಾಲ ಮತ್ತೆ ಜಾರದಂತೆ ಹಗ್ಗಗಳಿಂದ ಬಿಗಿಸಿ, ಕಿಂಡಿಯ ಮೂಲಕ ಗಾಳಿ ಊದಿಸಿ, ಆಪತ್ತಿನ ಬಾವುಟಗಳನ್ನು ಏರಿಸಿ ಕಾದನು. ಸಂಜೆಯ ಹೊತ್ತಿಗೆ ಜನರಲ್ ಗೋಥಲ್ಸ್ ಎಂಬ ಹಡಗು ಬಾವುಟವನ್ನು ಕಂಡು ಬಂದಿತು. ಅದರ ಮುಖ್ಯ ಎಂಜಿನಿಯರ್ ವಿಲಿಯಂ ಗ್ರೇಸ್ ತನ್ನ ಸಹಾಯಕನೊಡನೆ ಇಳಿದು, ಹೊರಗಿನಿಂದ ಕೈಬೈರಿಗೆ ಹಿಡಿದು ಕೊರೆಯತೊಡಗಿದನು. ರಾತ್ರಿ ಬಹಳ ಹೊತ್ತು ದುಡಿದು, ಕೊನೆಗೆ ಮನುಷ್ಯನು ನುಸುಳುವಷ್ಟು ತಗಡನ್ನು ಕಿತ್ತು ತೆಗೆದನು. ಸೆಪ್ಟೆಂಬರ್ ೩ರ ಬೆಳಗಿನ ಜಾವಕ್ಕೆ ಎಲ್ಲರೂ ಹೊರಬಂದರು. ಕೊನೆಯಲ್ಲಿ ಹೊರಬಂದವನು ಕುಕ್. ಮುಳುಗಿ ಒಂದೂವರೆ ದಿನ ಕಳೆದಿತ್ತು, ಒಬ್ಬನೂ ಸತ್ತಿರಲಿಲ್ಲ.

ನಾವೆಯನ್ನು ಉಳಿಸಿಕೊಳ್ಳಲಾಗಲಿಲ್ಲ. ಒಹಾಯೊ ಎಂಬ ಯುದ್ಧನೌಕೆ ಅದನ್ನು ದಡದ ಕಡೆಗೆ ಎಳೆಯುತ್ತಿದ್ದಾಗ ಹಗ್ಗ ಕಡಿದು ಮುಳುಗಿಹೋಯಿತು. ಮೇಲೆತ್ತುವ ಪ್ರಯತ್ನಗಳು ಮರುವರ್ಷವೂ ನಡೆದು ವಿಫಲವಾದವು.

ಎಸ್-೫ರವರಿಗೆ ಒದಗಿದ ಅದೃಷ್ಟ ಉಳಿದವರಿಗೆ ಒದಗಲಿಲ್ಲವೆಂಬುದನ್ನು ಮರೆಯಬಾರದು. ಆಳವು ನಾವೆಯ ಉದ್ದಕ್ಕಿಂತ ಐವತ್ತು ಅಡಿ ಹೆಚ್ಚಾಗಿದ್ದಿದ್ದರೆ ಯಾವ ತ್ರಿಕೋಣಮಿತಿಯೂ ಅವರನ್ನು ಕಾಯುತ್ತಿರಲಿಲ್ಲ. ೧೯೧೫ರಲ್ಲಿ ಎಫ್-೪ ಎಂಬ ಜಲಾಂತರ್ಗಾಮಿ ಹೊನೊಲುಲುವಿನ ಬಳಿ ಮುನ್ನೂರು ಅಡಿ ಆಳದಲ್ಲಿ ಬಿದ್ದಾಗ ಇಪ್ಪತ್ತೊಂದು ಜನರೂ ಸತ್ತಿದ್ದರು. ೧೯೨೫ರಲ್ಲಿ ಎಸ್-೫೧ ಹಡಗೊಂದಕ್ಕೆ ಡಿಕ್ಕಿಯಾಗಿ ಮುಳುಗಿದಾಗ ಸತ್ತವರು ಮೂವತ್ತಮೂರು. ೧೯೨೭ರ ಡಿಸೆಂಬರಿನಲ್ಲಿ ಎಸ್-೪ ಮುಳುಗಿದಾಗ ಆರು ಜನ ಟಾರ್ಪಿಡೊ ಕೋಣೆಯಲ್ಲಿ ಬದುಕಿದ್ದು, ಗೋಡೆಯನ್ನು ತಟ್ಟಿ ಮುಳುಗುಗಾರರೊಡನೆ ಮಾತನಾಡುತ್ತಿದ್ದರು. ಚಂಡಮಾರುತ ಎದ್ದಿತು. ಮೇಲಿದ್ದವರಿಗೆ ಮಾಡಲು ಏನೂ ಇರಲಿಲ್ಲ. ತಟ್ಟುವ ದನಿ ನಿಂತುಹೋಯಿತು. ಆ ನಾವೆಯ ನಲವತ್ತು ಜನರಲ್ಲಿ ಯಾರೂ ಉಳಿಯಲಿಲ್ಲ.

ಎಸ್-೫೧ ಮುಳುಗಿದ ಜಾಗಕ್ಕೆ ತನ್ನ ನಾವೆಯೊಡನೆ ಮೊದಲು ಹೋಗಿ, ನೀರಿನ ಮೇಲಿನ ಎಣ್ಣೆಯನ್ನು ಮಾತ್ರ ಕಂಡು ಕೈಚೆಲ್ಲಿ ನಿಂತವನು ಚಾರ್ಲ್ಸ್ ಮಾಮ್ಸೆನ್. ಆತನು ಅಲ್ಲಿಂದ ಮುಂದೆ ಎರಡು ಸಾಧನಗಳಿಗಾಗಿ ದುಡಿದನು. ಒಂದು, ನಾವಿಕನು ಎದೆಗೆ ಕಟ್ಟಿಕೊಂಡು ಉಸಿರಾಡುತ್ತ ಮೇಲೇರಬಹುದಾದ ರಬ್ಬರಿನ ಚೀಲ. ಇನ್ನೊಂದು, ಮೇಲಿನ ಹಡಗಿನಿಂದ ಇಳಿಬಿಟ್ಟು ಮುಳುಗಿದ ನಾವೆಯ ಬಾಗಿಲಿನ ಮೇಲೆ ಕೂರಿಸುವ ಗಂಟೆಯಾಕಾರದ ಉಕ್ಕಿನ ಕೋಣೆ. ಇದನ್ನು ಪೂರ್ಣಗೊಳಿಸಿದವನು ಮೆಕ್ಯಾನ್ ಎಂಬ ಅಧಿಕಾರಿ.

ಅದರ ಪರೀಕ್ಷೆ ಬಂದದ್ದು ೧೯೩೯ರ ಮೇ ೨೩ರಂದು. ಎಸ್-೫ ಹುಟ್ಟಿದ ಪೋರ್ಟ್ಸ್‌ಮತ್‌ನಲ್ಲಿಯೇ ಹುಟ್ಟಿದ ಸ್ಕ್ವಾಲಸ್ ಎಂಬ ಹೊಚ್ಚಹೊಸ ಜಲಾಂತರ್ಗಾಮಿ ಅದೇ ನೌಕಾಂಗಣದ ಸಮೀಪ ಮುಳುಗುವ ಅಭ್ಯಾಸ ನಡೆಸುತ್ತಿತ್ತು. ಈ ಹತ್ತೊಂಬತ್ತು ವರ್ಷಗಳಲ್ಲಿ ರಚನೆ ಸುಧಾರಿಸಿತ್ತು. ಕವಾಟಗಳಿಗೆಲ್ಲ ಕೆಂಪು ಹಸಿರು ದೀಪಗಳು. ಎಲ್ಲ ಹಸಿರಾದರೆ ಎಲ್ಲ ಮುಚ್ಚಿದೆಯೆಂದು ಅರ್ಥ. ಅಂದು ಎಲ್ಲ ಹಸಿರಾಗಿತ್ತು. ಆದರೂ ಗಾಳಿಯ ಮುಖ್ಯ ಕವಾಟವು ತೆರೆದಿತ್ತು! ಮತ್ತೆ ಅದೇ ದಾರಿಯಿಂದ ನೀರು ನುಗ್ಗಿ ಹಿಂಭಾಗದ ಇಪ್ಪತ್ತಾರು ಜನ ಸತ್ತರು. ಸುಮಾರು ೨೪೦ ಅಡಿ ಆಳದಲ್ಲಿ ಉಳಿದ ಮೂವತ್ತಮೂರು ಜನರನ್ನು ಆ ಗಂಟೆಯಾಕಾರದ ಕೋಣೆ ನಾಲ್ಕು ಸಲ ಇಳಿದೇರಿ ಮೇಲಕ್ಕೆ ತಂದಿತು. ಒಂದು ಕವಾಟದ ಇತಿಹಾಸವನ್ನು ಬರೆಯುವುದೂ ಒಮ್ಮೊಮ್ಮೆ ಮನುಷ್ಯರ ಇತಿಹಾಸವನ್ನು ಬರೆದಂತೆಯೇ ಆಗುತ್ತದೆ.

ನಮ್ಮ ಕರಾವಳಿಯಲ್ಲಿ ಇಂಥ ನಾವೆಗಳನ್ನು ಕಾಣಬೇಕಾದರೆ ಕಾರವಾರದ ಕಡೆ ನೋಡಬೇಕು. ಬನವಾಸಿಯ ಕದಂಬರ ಹೆಸರನ್ನು ಹೊತ್ತ ನೌಕಾನೆಲೆ ಅಲ್ಲಿ ೨೦೦೫ರಿಂದ ಇದೆ. ಕಲ್ವರಿ ವರ್ಗದ ಖಂಡೇರಿ ಎಂಬ ಜಲಾಂತರ್ಗಾಮಿಯಲ್ಲಿ ದೇಶದ ರಕ್ಷಣಾ ಮಂತ್ರಿಗಳು ೨೦೨೨ರ ಮೇ ತಿಂಗಳಲ್ಲಿ ಸಾಗರಕ್ಕಿಳಿದದ್ದು ಅಲ್ಲಿಂದಲೇ. ಈ ವರ್ಗದ ನಾವೆಯ ಉದ್ದ ೬೭.೫ ಮೀಟರ್, ಎಸ್-೫ರ ೨೩೧ ಅಡಿಯನ್ನು ಮೀಟರಿಗೆ ತಿರುಗಿಸಿದರೆ ೭೦. ನೂರು ವರ್ಷಗಳ ಅಂತರದಲ್ಲಿ ಉದ್ದ ಹೆಚ್ಚು ಬದಲಾಗಿಲ್ಲವೆಂಬುದು ಸೋಜಿಗ. ಡೀಸೆಲ್ ಮತ್ತು ಬ್ಯಾಟರಿಯ ಜೋಡಿಯೂ ಅದೇ. ಬದಲಾದದ್ದು ಇಳಿಯುವ ಆಳ, ನೀರೊಳಗೆ ಇರಬಲ್ಲ ಕಾಲ, ಕೇಳುವ ಕಿವಿ. ಮುಳುಗಿದವರನ್ನು ತರುವ ಉಪಾಯವೂ ಬೆಳೆದಿದೆ: ಭಾರತದ ನೌಕಾಪಡೆ ೨೦೧೮ರಲ್ಲಿ ಪಡೆದ ರಕ್ಷಣಾ ವಾಹನ ಆರುನೂರೈವತ್ತು ಮೀಟರ್ ಆಳದವರೆಗೆ ಇಳಿದು ಕೆಡೆದ ನಾವೆಯ ಬಾಗಿಲಿಗೆ ಅಂಟಿಕೊಳ್ಳಬಲ್ಲುದು.

ಚಾರ್ಲ್ಸ್ ಕುಕ್ ಮುಂದೆ ನೌಕಾಪಡೆಯಲ್ಲಿ ಅಡ್ಮಿರಲ್ ಪದವಿಗೇರಿದನು. ೧೯೪೧ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಜಪಾನಿನ ವಿಮಾನಗಳು ಎರಗಿದಾಗ ಅಲ್ಲಿದ್ದ ಪೆನ್ಸಿಲ್ವೇನಿಯ ಯುದ್ಧನೌಕೆಯ ನಾಯಕ ಅವನೇ. ಗ್ರೇಸ್ ಕೊರೆದು ತೆಗೆದ ಉಕ್ಕಿನ ತಗಡನ್ನು ವಾಷಿಂಗ್ಟನ್ನಿನ ನೌಕಾ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಎಸ್-೫ರ ಒಡಲನ್ನು ೨೦೦೧ರ ಜುಲೈಯಲ್ಲಿ ವೈಟಿಂಗ್ ಎಂಬ ಅಮೆರಿಕದ ಸಮುದ್ರ ಮೋಜಣಿ ಹಡಗು ಸೋನಾರಿನ ಸಹಾಯದಿಂದ ಗುರುತಿಸಿತು. ನ್ಯೂಜೆರ್ಸಿಯ ದಕ್ಷಿಣ ತುದಿಯಾಚೆ, ಕಡಲಿನ ತಳದಲ್ಲಿ ಅದು ಇಂದಿಗೂ ಮಲಗಿದೆ.